ವಿಭಾಗದ ಮುಖ್ಯಸ್ಥನಾದರೆ ಸಂಶೋಧನೆ ನಿಂತೇಹೋಗುತ್ತದೆಯೇ? ಸಂವಹನ ವಿದ್ವಾಂಸ ವಿಲ್ಬರ್ ಶ್ರಾಮ್ ಅವರ ಬದುಕನ್ನು ಬಲ್ಲವರು ಹೇಳಿ

ಕಪ್ಪುಹಲಗೆ:
ಪದವಿ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷದಿಂದ ಪತ್ರಿಕೋದ್ಯಮ ಪಾಠ ಹೇಳುತ್ತಿದ್ದೇನೆ. ಮುಂದಿನ ವರ್ಷ ಸ್ನಾತಕೋತ್ತರ ವಿಭಾಗ ಶುರುವಾಗಲಿದೆ. "ನೀವೇ ಮುಖ್ಯಸ್ಥರಾಗಬೇಕು" ಎಂದು ಪ್ರಾಂಶುಪಾಲರು ಕರೆದು ಹೇಳಿದ್ದಾರೆ. ಮೂರು ವಾರದಿಂದ ನಿದ್ದೆ ಸರಿಯಾಗಿಲ್ಲ. ಜಿಲ್ಲಾ ಪತ್ರಿಕೆಗಳಿಗೆ ಬರುವ ಓದುಗರ ಪತ್ರಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದೇನೆ, ಅರ್ಧ ಆಗಿದೆ. ಮುಖ್ಯಸ್ಥರ ಕುರ್ಚಿಯಲ್ಲಿ ಕೂತ ಮೇಲೆ ಒಂದು ಪುಟವನ್ನೂ ಬರೆಯದ ಹಿರಿಯರನ್ನು ಕಣ್ಣಾರೆ ಕಂಡಿದ್ದೇನೆ.

ಮೊನ್ನೆ ತರಗತಿಯಲ್ಲಿ ಶ್ರಾಮ್ ಮಾದರಿಯನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ಗೊತ್ತಿದೆಯಲ್ಲ, ಎರಡು ದೊಡ್ಡ ಮೊಟ್ಟೆಯಾಕಾರಗಳು, ಒಂದು ಇನ್ನೊಂದರೊಳಗೆ ಸ್ವಲ್ಪ ಹಾಯ್ದಿರುತ್ತದೆ. ಹಾಯ್ದ ಆ ಜಾಗವೇ ಹೇಳುವವರು, ಕೇಳುವವರು ಇಬ್ಬರಿಗೂ ಸಮಾನವಾದ ಅನುಭವ, ಮಾತು ತಲುಪುವುದು ಅಲ್ಲಿ ಮಾತ್ರ. ಮುಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಈ ಶ್ರಾಮ್ ಯಾರು? ಏನು ಕೆಲಸದಲ್ಲಿದ್ದರು?" ಎಂದಳು. ಹೇಳಲು ಹೊರಟರೆ ನನ್ನ ಬಾಯಿಂದ ಬಂದದ್ದೆಲ್ಲ ಆಡಳಿತದ ಹುದ್ದೆಗಳೇ. ಅಮೆರಿಕದ ಅಯೋವಾದಲ್ಲಿ ನಿರ್ದೇಶಕ, ಇಲಿನಾಯ್‌ನಲ್ಲಿ ನಿರ್ದೇಶಕ ಮತ್ತು ಡೀನ್, ಸ್ಟ್ಯಾನ್‌ಫರ್ಡ್‌ನಲ್ಲಿ ಮತ್ತೆ ನಿರ್ದೇಶಕ. ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಜೀವಮಾನವೆಲ್ಲ ಕಚೇರಿ ನಡೆಸಿದ ಮನುಷ್ಯ ಇಷ್ಟೆಲ್ಲ ಬರೆದದ್ದು ಯಾವಾಗ? ಬಲ್ಲವರು ಹೇಳಿ, ನನಗೆ ಇದು ನಿಜವಾಗಿಯೂ ಬೇಕಾಗಿದೆ.

ಹಳೆಯ ಅಚ್ಚುಮೊಳೆ:
ಒಪ್ಪಬೇಡಿ. ಪುಸ್ತಕ ಮುಗಿಸಿ. ಕುರ್ಚಿಗೆ ಇನ್ನೊಬ್ಬರು ಸಿಗುತ್ತಾರೆ, ಆ ಪುಸ್ತಕಕ್ಕೆ ಸಿಗುವುದಿಲ್ಲ.

ಐದನೇ ವರ್ಷ:
ನಾನು ಪಿಎಚ್.ಡಿ. ವಿದ್ಯಾರ್ಥಿ. ಶ್ರಾಮ್ ಸಮಾಜಶಾಸ್ತ್ರಜ್ಞ ಎಂದೇ ನಮ್ಮ ಟಿಪ್ಪಣಿಗಳಲ್ಲಿ ಓದಿದ್ದೇನೆ, ಸರಿಯೇ?

ಜೋಳದ ಸೀಮೆ:
ಸರಿಯಲ್ಲ. ಅವರ ಡಾಕ್ಟರೇಟ್ ಇಂಗ್ಲಿಷ್ ಸಾಹಿತ್ಯದಲ್ಲಿ, 1932ರಲ್ಲಿ, ಅಯೋವಾದಲ್ಲಿ. ಲಾಂಗ್‌ಫೆಲೊ ಕವಿಯ 'ಹಯಾವಥಾ' ಕಾವ್ಯದ ಮೇಲೆ. ಅದಕ್ಕೂ ಮುಂಚೆ ಹಾರ್ವರ್ಡ್‌ನಲ್ಲಿ ಎಂ.ಎ.

ನಾನು ಇಲಿನಾಯ್ ರಾಜ್ಯದಲ್ಲಿ, ಅರ್ಬಾನಾ ಪಕ್ಕದಲ್ಲೇ ಇರುವ ಕನ್ನಡಿಗ. ಸುತ್ತ ಕಣ್ಣು ಹಾಯುವಷ್ಟು ದೂರ ಜೋಳದ ಹೊಲ, ನಡುವೆ ವಿಶ್ವವಿದ್ಯಾಲಯ. ಇಲ್ಲಿಗೆ ಬಂದ ಮೇಲೆ ಕುತೂಹಲಕ್ಕೆ ಶ್ರಾಮ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಕಪ್ಪುಹಲಗೆ ಅವರ ಪಟ್ಟಿಯಲ್ಲಿ ಒಂದು ಮುಖ್ಯ ಹುದ್ದೆ ಬಿಟ್ಟುಹೋಗಿದೆ. ಇಂದು ಜಗತ್ತಿನ ಕಥೆಗಾರರೆಲ್ಲ ಹೆಸರು ಹೇಳುವ ಅಯೋವಾ ಬರಹಗಾರರ ಕಾರ್ಯಾಗಾರದ ಮೊದಲ ನಿರ್ದೇಶಕರು ಇದೇ ಶ್ರಾಮ್, 1936ರಲ್ಲಿ. ಸ್ವತಃ ಕಥೆಗಾರ, 1942ರಲ್ಲಿ ಓ. ಹೆನ್ರಿ ಬಹುಮಾನ ಪಡೆದವರು.

ಯುದ್ಧ ಬಂತು, ವಾಷಿಂಗ್ಟನ್ನಿನ ಯುದ್ಧ ಮಾಹಿತಿ ಕಚೇರಿಗೆ ಹೋದರು. ಅಲ್ಲಿ ಮನಶ್ಶಾಸ್ತ್ರದವರು, ರಾಜ್ಯಶಾಸ್ತ್ರದವರು, ಸಮೀಕ್ಷೆ ಮಾಡುವವರು ಒಂದೇ ಪ್ರಶ್ನೆಯ ಸುತ್ತ ಕೂತಿದ್ದರು: ಜನರಿಗೆ ಏನು ಹೇಳಬೇಕು, ಹೇಳಿದ್ದು ತಲುಪಿತೋ ಇಲ್ಲವೋ ತಿಳಿಯುವುದು ಹೇಗೆ? 1943ರಲ್ಲಿ ಅಯೋವಾಕ್ಕೆ ಮರಳಿದಾಗ ಕಾರ್ಯಾಗಾರದಲ್ಲಿ ಪಾಲ್ ಎಂಗಲ್ ಇದ್ದರು. ಶ್ರಾಮ್ ಪತ್ರಿಕೋದ್ಯಮ ಶಾಲೆಯ ನಿರ್ದೇಶಕರಾದರು. ಸಮೂಹ ಸಂವಹನದಲ್ಲಿ ಡಾಕ್ಟರೇಟ್ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಅಂದರೆ ಆಡಳಿತದ ಕುರ್ಚಿ ಅವರ ವಿದ್ವತ್ತನ್ನು ನುಂಗಲಿಲ್ಲ. ಅವರನ್ನು ಈ ವಿಷಯಕ್ಕೆ ತಂದದ್ದೇ ಆ ಕುರ್ಚಿ.

ಹಳೆಯ ಅಚ್ಚುಮೊಳೆ:
ಅದೇ ನಾನು ಹೇಳುವುದು. ಒಬ್ಬ ಒಳ್ಳೆಯ ಕಥೆಗಾರ ಹೋದ, ಒಬ್ಬ ನಿರ್ದೇಶಕ ಬಂದ. ಅದನ್ನು ಲಾಭದ ಕಡೆ ಬರೆದುಕೊಳ್ಳಬೇಕೋ ನಷ್ಟದ ಕಡೆಯೋ?

ಮಲಪ್ರಭಾ:
ಲಾಭದ ಕಡೆಯೇ, ಅಚ್ಚುಮೊಳೆ ಸರ್. ಧಾರವಾಡದಲ್ಲಿ ಇಪ್ಪತ್ತೆರಡು ವರ್ಷ ಸಂವಹನ ಸಿದ್ಧಾಂತ ಪಾಠ ಮಾಡಿದ ಮೇಲೆ ಇದನ್ನು ಹೇಳುತ್ತಿದ್ದೇನೆ.

ಒಂದೇ ಒಂದು ಕೆಲಸ ನೋಡಿ. 1947ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಕ್ಷ ಜಾರ್ಜ್ ಸ್ಟಾಡರ್ಡ್ ಅವರು ಶ್ರಾಮ್ ಅವರನ್ನು ಕರೆಸಿಕೊಂಡರು. ಸಂವಹನ ಸಂಶೋಧನಾ ಸಂಸ್ಥೆ ಕಟ್ಟುವ ಹೊಣೆ ಕೊಟ್ಟರು, ಜೊತೆಗೆ ವಿಶ್ವವಿದ್ಯಾಲಯದ ಮುದ್ರಣಾಲಯವನ್ನೂ ಒಪ್ಪಿಸಿದರು. ಕ್ಲಾಡ್ ಶಾನನ್ ಎಂಬ ಎಂಜಿನಿಯರ್ 1948ರಲ್ಲಿ ಬೆಲ್ ಕಂಪನಿಯ ತಾಂತ್ರಿಕ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದಿದ್ದರು. ತಂತಿಯಲ್ಲಿ ಹೋಗುವ ಸಂಕೇತದ ಗಣಿತ ಅದು, ಸಾಮಾನ್ಯರು ತೆರೆದು ನೋಡುವಂಥದ್ದಲ್ಲ. ಅದಕ್ಕೆ ವಾರನ್ ವೀವರ್ ಅವರ ಸರಳ ವಿವರಣೆಯನ್ನು ಜೋಡಿಸಿ 1949ರಲ್ಲಿ ಪುಸ್ತಕವಾಗಿ ತಂದದ್ದು ಶ್ರಾಮ್ ನೋಡಿಕೊಳ್ಳುತ್ತಿದ್ದ ಆ ಮುದ್ರಣಾಲಯ. ಆ ಪುಸ್ತಕ ಬರದಿದ್ದರೆ ನಮ್ಮ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರಿನಲ್ಲೇ ಶಾನನ್-ವೀವರ್ ಮಾದರಿ ಬರೆಯುತ್ತಿರಲಿಲ್ಲ. ಇದನ್ನು ಆಡಳಿತ ಎನ್ನುತ್ತೀರೋ, ವಿದ್ವತ್ತು ಎನ್ನುತ್ತೀರೋ? ನನಗೆ ಎರಡನ್ನೂ ಬಿಡಿಸಲು ಬರುವುದಿಲ್ಲ.

1949ರಲ್ಲೇ ಶ್ರಾಮ್ ಅವರು ಇಲಿನಾಯ್ ವಿಶ್ವವಿದ್ಯಾಲಯದ ಅಲರ್ಟನ್ ಹೌಸ್‌ನಲ್ಲಿ ಶೈಕ್ಷಣಿಕ ಬಾನುಲಿಯವರನ್ನು ಕೂರಿಸಿ ವಿಚಾರ ಸಂಕಿರಣ ನಡೆಸಿದರು. ಅಮೆರಿಕದ ಸಾರ್ವಜನಿಕ ಪ್ರಸಾರದ ಇತಿಹಾಸ ಬರೆಯುವವರು ಆ ಸಭೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಕಪ್ಪುಹಲಗೆ:
ಮಲಪ್ರಭಾ ಮೇಡಂ, ಅವರು ಕಟ್ಟಿದ್ದನ್ನು ಒಪ್ಪುತ್ತೇನೆ. ಅವರ ಸ್ವಂತ ಸಂಶೋಧನೆ? ಅಂಕಿ ಅಂಶ ಕೈಯಲ್ಲಿ ಹಿಡಿದು ಮಾಡುವ ಕೆಲಸ? ನನ್ನ ಭಯ ಇರುವುದು ಅದರ ಬಗ್ಗೆ.

ಮಲಪ್ರಭಾ:
1955ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಹೋದರು, 1957ರಿಂದ ಅಲ್ಲಿನ ಸಂಸ್ಥೆಯ ನಿರ್ದೇಶಕರು. ಅದೇ ಹುದ್ದೆಯಲ್ಲಿದ್ದಾಗ ಮಕ್ಕಳು ಮತ್ತು ಟೆಲಿವಿಷನ್ ಬಗ್ಗೆ ಅಮೆರಿಕ, ಕೆನಡಾದ ಹತ್ತು ಊರುಗಳಲ್ಲಿ ಸುಮಾರು ಆರು ಸಾವಿರ ಮಕ್ಕಳನ್ನು ಒಳಗೊಂಡ ಅಧ್ಯಯನ ಮಾಡಿ 1961ರಲ್ಲಿ ಪ್ರಕಟಿಸಿದರು. ಜೊತೆಗಾರರು ಜ್ಯಾಕ್ ಲೈಲ್, ಎಡ್ವಿನ್ ಪಾರ್ಕರ್. ಟಿವಿ ಮಕ್ಕಳನ್ನು ಕೆಡಿಸುತ್ತದೆಯೇ ಎಂಬುದಕ್ಕೆ ಅವರು ಕೊಟ್ಟ ಉತ್ತರ ನನಗೆ ಇಂದಿಗೂ ಇಷ್ಟ. ಕೆಲವು ಮಕ್ಕಳಿಗೆ, ಕೆಲವು ಸನ್ನಿವೇಶಗಳಲ್ಲಿ, ಕೆಲವು ಕಾರ್ಯಕ್ರಮಗಳಿಂದ ಹಾನಿ. ಬೇರೆ ಮಕ್ಕಳಿಗೆ, ಅಥವಾ ಅದೇ ಮಕ್ಕಳಿಗೆ ಬೇರೆ ಸನ್ನಿವೇಶದಲ್ಲಿ, ಒಳ್ಳೆಯದೂ ಆಗಬಹುದು. ಹೆಚ್ಚಿನ ಮಕ್ಕಳಿಗೆ ಹಾನಿಯೂ ಇಲ್ಲ, ವಿಶೇಷ ಲಾಭವೂ ಇಲ್ಲ. ಇಂದು ಮೊಬೈಲ್ ಬಗ್ಗೆ ನಮ್ಮ ಸಂಪಾದಕೀಯಗಳು ಇಷ್ಟು ತಾಳ್ಮೆಯಿಂದ ಮಾತನಾಡುತ್ತವೆಯೇ?

ಐದನೇ ವರ್ಷ:
ಮೇಡಂ, ಅದು ಮೂವರ ಪುಸ್ತಕ. 'ಫೋರ್ ಥಿಯರೀಸ್ ಆಫ್ ದಿ ಪ್ರೆಸ್' (ಪತ್ರಿಕೆಯ ನಾಲ್ಕು ಸಿದ್ಧಾಂತಗಳು) ಕೂಡ ಸೀಬರ್ಟ್, ಪೀಟರ್ಸನ್ ಜೊತೆಗೆ ಬರೆದದ್ದು, 1956. ಒಂಟಿಯಾಗಿ ಕೂತು ಬರೆಯುವ ನಮ್ಮಂಥವರಿಗೆ ಆ ದಾರಿ ಹೊಂದುತ್ತದೆಯೇ?

ಹಸಿರು ಶಾಯಿ:
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮುಖ್ಯಸ್ಥನಾದವನು ಒಂಟಿಯಾಗಿ ಬರೆಯುವುದನ್ನು ಬಿಟ್ಟು ಜೊತೆಗೂಡಿ ಬರೆಯುವುದನ್ನು ಕಲಿಯಬೇಕು. ನಮ್ಮಲ್ಲಿ ಮುಖ್ಯಸ್ಥರು ಬರೆಯದೇ ಹೋಗುವುದಕ್ಕೆ ಕಡತಗಳನ್ನು ದೂರುತ್ತೇವೆ. ಪಕ್ಕದ ಕೊಠಡಿಯವರೊಡನೆ ಸೇರಿ ಒಂದು ಪ್ರಬಂಧ ಬರೆಯುವ ರೂಢಿಯೇ ನಮಗಿಲ್ಲ, ಅದನ್ನು ಯಾರೂ ಹೇಳುವುದಿಲ್ಲ.

ನಿಧಾನಿ:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಆದರೆ ಶ್ರಾಮ್ ಎಂದಾಗ ನಾನು ಸುಮ್ಮನೆ ಓದಿಕೊಂಡು ಹೋಗಲಾರೆ.

ಅವರಿಗೆ ಉಗ್ಗು ಇತ್ತು. ಐದನೇ ವಯಸ್ಸಿನಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆ ಕೆಟ್ಟದಾಗಿ ಆಯಿತು, ಆಮೇಲೆ ಮಾತು ತಡೆಯತೊಡಗಿತು. ಪ್ರೌಢಶಾಲೆ ಮುಗಿಸುವಾಗ ತರಗತಿಗೆ ಮೊದಲಿಗರು, ರೂಢಿಯಂತೆ ಭಾಷಣ ಮಾಡಬೇಕಿತ್ತು. ಭಾಷಣದ ಬದಲು ಕೊಳಲು ನುಡಿಸಿದರು. ಹಾರ್ವರ್ಡ್ ಬಿಟ್ಟು ಅಯೋವಾಕ್ಕೆ ಹೋಗಲು ಒಂದು ಕಾರಣ ಅಲ್ಲಿದ್ದ ಉಗ್ಗು ಚಿಕಿತ್ಸೆಯ ಕೇಂದ್ರ. ಲೀ ಟ್ರಾವಿಸ್ ಎಂಬ ತಜ್ಞರು ಅದನ್ನು ನಡೆಸುತ್ತಿದ್ದರು.

ನನಗೂ ಉಗ್ಗು ಇದೆ. ಹಾಜರಿ ಕೂಗುವಾಗ "ಪ್ರೆಸೆಂಟ್ ಸರ್" ಎನ್ನಲು ಆಗದೆ ಎಷ್ಟೋ ದಿನ ತರಗತಿಯಲ್ಲಿದ್ದೂ ಗೈರುಹಾಜರಿ ಬಿದ್ದಿದೆ. 'ಪ' ಅಕ್ಷರ ತುಟಿಯ ಮೇಲೆ ನಿಂತುಬಿಡುತ್ತಿತ್ತು, ನನ್ನ ಮುಂದಿನ ಸಂಖ್ಯೆಯವನು ಆಗಲೇ ಕೂಗಿರುತ್ತಿದ್ದ. ಪತ್ರಿಕೋದ್ಯಮ ಸೇರುತ್ತೇನೆ ಎಂದಾಗ "ಮಾತು ಬಾರದವನಿಗೆ ಸಂವಹನ ಏಕಪ್ಪಾ?" ಎಂದು ಸೋದರಮಾವ ಕೇಳಿದ್ದರು. ಮಾತು ಸಲೀಸಾಗಿ ಬರುವವರಿಗೆ ಅದು ತಲುಪುತ್ತದೋ ಇಲ್ಲವೋ ಎಂಬ ಚಿಂತೆ ಹುಟ್ಟುವುದಿಲ್ಲ. ತಡೆಯುವವರಿಗೆ ದಿನಕ್ಕೆ ನೂರು ಸಲ ಹುಟ್ಟುತ್ತದೆ. ಹಲಗೆಯ ಮೇಲೆ ಆ ಎರಡು ಮೊಟ್ಟೆಗಳನ್ನು ಮೊದಲ ಸಲ ನೋಡಿದಾಗ ಬರೆದವರ ಕಥೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಅತ್ತುಬಿಟ್ಟೆ.

ಕಪ್ಪುಹಲಗೆ:
ನಿಧಾನಿ ಅವರೇ, ಆ ಹುಡುಗಿಯ ಪ್ರಶ್ನೆಗೆ ನಾಳೆ ಮೊದಲು ಇದನ್ನೇ ಹೇಳುತ್ತೇನೆ. ಹುದ್ದೆಗಳ ಪಟ್ಟಿ ಆಮೇಲೆ.

ಹಳೆಯ ಅಚ್ಚುಮೊಳೆ:
ಕೊಳಲಿನ ವಿಷಯ ನನಗೂ ಹೊಸದು, ಮನಸ್ಸಿಗೆ ತಟ್ಟಿತು. ಆದರೂ ಎಲ್ಲರೂ ಆರತಿ ಎತ್ತುತ್ತಿರುವಾಗ ಇನ್ನೊಂದು ಮುಖವನ್ನೂ ಹೇಳಲೇಬೇಕು. ಶ್ರಾಮ್ ಕಟ್ಟಿದ ಆ ಸಂಸ್ಥೆಗಳಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು? ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗಾಗಿ ಸೋಲ್ ನಗರಕ್ಕೆ ಹೋಗಿ, ಕಮ್ಯುನಿಸ್ಟರು ಆ ನಗರವನ್ನು ಹಿಡಿದಾಗ ಏನಾಯಿತು ಎಂಬ ಅಧ್ಯಯನ ಮಾಡಿದರು. ಅದನ್ನು ಜಾನ್ ರೈಲಿ ಜೊತೆ 1951ರಲ್ಲಿ ಪುಸ್ತಕ ಮಾಡಿದರು. ಆ ಕಾಲದ ಸಂವಹನ ಸಂಶೋಧನೆಗೂ ಸೇನೆಯ ಮಾನಸಿಕ ಯುದ್ಧಕ್ಕೂ ಇದ್ದ ನಂಟನ್ನು ಕ್ರಿಸ್ಟೋಫರ್ ಸಿಂಪ್ಸನ್ 1994ರಲ್ಲಿ ವಿವರವಾಗಿ ಬರೆದಿದ್ದಾರೆ. ಪತ್ರಿಕೆಯ ನಾಲ್ಕು ಸಿದ್ಧಾಂತಗಳನ್ನೇ ತೆಗೆದುಕೊಳ್ಳಿ. ಅದರಲ್ಲಿ ಸೋವಿಯತ್ ಸಿದ್ಧಾಂತದ ಅಧ್ಯಾಯ ಬರೆದವರು ಶ್ರಾಮ್. ಶೀತಲ ಸಮರದ ನೆರಳು ಪುಟಪುಟದಲ್ಲೂ ಇದೆ. ಅದನ್ನು ನಮ್ಮ ಮಕ್ಕಳು ಇಂದಿಗೂ ಸಾರ್ವಕಾಲಿಕ ಸತ್ಯವೆಂಬಂತೆ ಬಾಯಿಪಾಠ ಮಾಡುತ್ತಿದ್ದಾರೆ.

ಸಂಸ್ಥೆ ಕಟ್ಟುವವನು ದುಡ್ಡು ತರಬೇಕು, ದುಡ್ಡು ಕೊಡುವವರು ಪ್ರಶ್ನೆಯನ್ನೂ ಕೊಡುತ್ತಾರೆ. ನನ್ನ ವಿರೋಧ ಇರುವುದು ಇದಕ್ಕೆ.

ಮಲಪ್ರಭಾ:
ಇದನ್ನು ಒಪ್ಪುತ್ತೇನೆ. ನಾಲ್ಕು ಸಿದ್ಧಾಂತಗಳ ಪಾಠಕ್ಕೆ ನಾನು ಎರಡು ಗಂಟೆ ಕೊಡುತ್ತೇನೆ, ಅದನ್ನು ಪ್ರಶ್ನಿಸುವುದಕ್ಕೆ ಮೂರು ಗಂಟೆ.

ಹೊಲದ ಬದು:
ದುಡ್ಡು ಕೊಡುವವರು ಪ್ರಶ್ನೆಯನ್ನೂ ಕೊಡುತ್ತಾರೆ ಎಂದಿರಿ. ಆ ಪ್ರಶ್ನೆ ನಮ್ಮೂರಿಗೂ ಬಂದಿತ್ತು.

1964ರಲ್ಲಿ ಯುನೆಸ್ಕೋಗಾಗಿ ಶ್ರಾಮ್ ಬರೆದ 'ಮಾಸ್ ಮೀಡಿಯಾ ಆಂಡ್ ನ್ಯಾಷನಲ್ ಡೆವಲಪ್‌ಮೆಂಟ್' ಪುಸ್ತಕವನ್ನು ನಾನು ಎಂ.ಎ.ಯಲ್ಲಿ ಓದಿದೆ. ನೂರು ಜನಕ್ಕೆ ಹತ್ತು ಪತ್ರಿಕೆ, ಐದು ರೇಡಿಯೊ, ಎರಡು ಸಿನಿಮಾ ಆಸನವಾದರೂ ಇರಬೇಕು ಎಂಬ ಯುನೆಸ್ಕೋ ಅಳತೆಗೋಲಿನಿಂದ ಬಡ ದೇಶಗಳನ್ನು ಅಳೆಯುತ್ತಿದ್ದ ಕಾಲ. ಮಾಧ್ಯಮ ಬಂದರೆ ಅಭಿವೃದ್ಧಿ ಬರುತ್ತದೆ ಎಂಬ ನಂಬಿಕೆ. 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಎಂಬ ಟಿವಿ ಪ್ರಯೋಗ ನಡೆಯಿತು, ಉಪಗ್ರಹದಿಂದ ನೇರವಾಗಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ನಾನಾಗ ನಾಲ್ಕನೇ ತರಗತಿ.

ಶಾಲೆಯ ಬಳಿ ಕೋಳಿಗೂಡಿನ ಜಾಲರಿಯಂಥ ತಂತಿ ಬಲೆಯ ದೊಡ್ಡ ಬುಟ್ಟಿ ನಿಲ್ಲಿಸಿದರು, ಅಡ್ಡಳತೆ ಹತ್ತು ಅಡಿ. ಸಂಜೆ ಊರೆಲ್ಲ ಶಾಲೆಯ ಮುಂದೆ. ಗೋಣಿಚೀಲ, ಕಂಬಳಿ ಹಾಸಿಕೊಂಡು ಕೂರುತ್ತಿದ್ದೆವು. ಪರದೆಯ ಮೇಲೆ ಯಾರೋ ಅಚ್ಚುಕಟ್ಟಾದ ಅಂಗಿ ತೊಟ್ಟವರು ಬೀಜೋಪಚಾರದ ಬಗ್ಗೆ ಹೇಳುತ್ತಿದ್ದರು. ನಮ್ಮ ಅಜ್ಜ ಪೂರ್ತಿ ಕೇಳಿ, "ಇವರು ಹೇಳುವ ಔಷಧಿ ನಮ್ಮ ಸೊಸೈಟಿಯಲ್ಲಿ ಎಲ್ಲಿದೆ?" ಎಂದರು. ಇರಲಿಲ್ಲ. ಮಾಧ್ಯಮ ತಲುಪಿತ್ತು, ಔಷಧಿ ತಲುಪಿರಲಿಲ್ಲ. ಆ ಸಿದ್ಧಾಂತಕ್ಕೆ ಎಪ್ಪತ್ತರ ದಶಕದಲ್ಲಿ ಲ್ಯಾಟಿನ್ ಅಮೆರಿಕದ ವಿದ್ವಾಂಸರು ಮಾಡಿದ ಟೀಕೆಯನ್ನು ನನ್ನಜ್ಜ ಒಂದೇ ಸಾಲಿನಲ್ಲಿ ಮಾಡಿದ್ದರು.

ಆದರೂ ಒಂದು ಮಾತು ಸೇರಿಸುತ್ತೇನೆ. ಶ್ರಾಮ್ ತಮ್ಮ ಹಳೆಯ ಮಾತಿಗೆ ಅಂಟಿಕೊಂಡು ಕೂರಲಿಲ್ಲ. 1976ರಲ್ಲಿ ಡೇನಿಯಲ್ ಲರ್ನರ್ ಜೊತೆ ಸಂಪಾದಿಸಿದ ಪುಸ್ತಕದಲ್ಲಿ ಹತ್ತು ವರ್ಷದ ಹಿಂದಿನ ನಂಬಿಕೆಗಳನ್ನು ಮರಳಿ ಪರೀಕ್ಷೆಗೆ ಒಡ್ಡಿದರು. 1977ರಲ್ಲಿ ದೊಡ್ಡ ಮಾಧ್ಯಮ, ಚಿಕ್ಕ ಮಾಧ್ಯಮ ಎಂದು ವಿಂಗಡಿಸಿ, ರೇಡಿಯೊದಂಥ ಅಗ್ಗದ ಸಾಧನವೂ ಚೆನ್ನಾಗಿಯೇ ಕಲಿಸಬಲ್ಲದು ಎಂದು ವಾದಿಸಿದರು. ಅಷ್ಟು ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಿಂದ ನಿವೃತ್ತರಾಗಿ ಹವಾಯಿಯ ಈಸ್ಟ್-ವೆಸ್ಟ್ ಸೆಂಟರ್ ಸೇರಿದ್ದರು, ಎಪ್ಪತ್ತರ ಹತ್ತಿರ ವಯಸ್ಸು.

ಜೋಳದ ಸೀಮೆ:
ಹೊಲದ ಬದು ಅವರೇ, ನಿಮ್ಮ ಅಜ್ಜನ ಮಾತನ್ನು ಬರೆದಿಟ್ಟುಕೊಂಡೆ. ಶ್ರಾಮ್‌ಗೂ ಭಾರತಕ್ಕೂ ಇನ್ನೊಂದು ನಂಟಿದೆ. ಫೋರ್ಡ್ ಪ್ರತಿಷ್ಠಾನದ ತಂಡದ ನೇತೃತ್ವ ವಹಿಸಿ ಅವರು ಭಾರತಕ್ಕೆ ಬಂದಿದ್ದರು. ರಾಷ್ಟ್ರಮಟ್ಟದ ತರಬೇತಿ ಸಂಸ್ಥೆ ಬೇಕೆಂಬ ಆ ಶಿಫಾರಸಿನ ನಂತರವೇ 1965ರ ಆಗಸ್ಟ್ 17ರಂದು ದೆಹಲಿಯಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಆರಂಭವಾದದ್ದು.

ಐದನೇ ವರ್ಷ:
ನಮ್ಮಲ್ಲಿ ಇಂಥ ವಿಭಾಗ ಕಟ್ಟಿದವರು ಯಾರು? ಅಮೆರಿಕದ ಕಥೆ ಸಾಕಷ್ಟಾಯಿತು.

ಮಲಪ್ರಭಾ:
ನಾಡಿಗ ಕೃಷ್ಣಮೂರ್ತಿ. ಅಮೆರಿಕದ ಮಿಸ್ಸೂರಿಯಲ್ಲಿ ಓದಿ ಬಂದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಕಟ್ಟಿದವರು. ವಿಭಾಗ ನಡೆಸುತ್ತಲೇ ಭಾರತೀಯ ಪತ್ರಿಕೋದ್ಯಮದ ಇತಿಹಾಸ ಬರೆದರು, 1966ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಅದನ್ನು ಪ್ರಕಟಿಸಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕೆ.ಇ. ಈಪನ್. ಕಪ್ಪುಹಲಗೆ ಅವರೇ, ನೀವು ಮೊದಲು ನೋಡಬೇಕಾದದ್ದು ಇವರ ಕಡೆಗೆ.

ಹಳೆಯ ಅಚ್ಚುಮೊಳೆ:
ನಾಡಿಗರ ಹೆಸರು ಬಂದಮೇಲೆ ಸುಮ್ಮನಿರಲಾರೆ. ನಮ್ಮ ಕಾಲದ ಸುದ್ದಿಮನೆಗಳಲ್ಲಿ ಅವರ ಶಿಷ್ಯರು ಎಷ್ಟು ಜನ! ಶೀರ್ಷಿಕೆಯ ಅಕ್ಷರ ಎಣಿಸುವುದನ್ನು ಬೆರಳು ಮಡಿಸಿ ಹೇಳಿಕೊಡುತ್ತಿದ್ದರು ಅವರು. ಆಗ ಈ ವಿಷಯದ ಹೆಸರು ಪತ್ರಿಕೋದ್ಯಮ ಎಂದೇ ಇತ್ತು. ಎಲ್ಲ ಕಡೆ ಸಂವಹನ, ಸಮೂಹ ಸಂವಹನ ಎಂಬ ಫಲಕ ಬಂದ ಮೇಲೆ ವರದಿ ಬರೆಯಲು ಬರುವವರು ಕಡಿಮೆಯಾದರು.

ಮಲಪ್ರಭಾ:
ಫಲಕದಿಂದ ಹಾಗಾಗಲಿಲ್ಲ ಸರ್. ವಿದ್ಯಾರ್ಥಿಗಳೇ ಹೊರತರುವ ಪ್ರಯೋಗ ಪತ್ರಿಕೆ ನಿಲ್ಲಿಸಿದ್ದರಿಂದ ಆಯಿತು.

ಹಳೆಯ ಅಚ್ಚುಮೊಳೆ:
ಅದು ನಿಜ.

ಹಸಿರು ಶಾಯಿ:
ಮೂಲ ಪ್ರಶ್ನೆಗೆ ಬರೋಣ. ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಕುರ್ಚಿ ಕೆಲವರನ್ನು ಬೆಳೆಸುತ್ತದೆ, ಕೆಲವರನ್ನು ಮುಗಿಸುತ್ತದೆ.

ಮಿಸ್ಸೂರಿಯ ಮಾತು ಬಂತು. ಅಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದ ವಾಲ್ಟರ್ ವಿಲಿಯಮ್ಸ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಪತ್ರಿಕಾ ಸಂಪಾದಕರು. 1931ರಲ್ಲಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಇನ್ನೊಂದು ಕಡೆ ಡೇವಿಡ್ ಬರ್ಲೊ. ಎಸ್‌ಎಂಸಿಆರ್ (ಮೂಲ, ಸಂದೇಶ, ಮಾರ್ಗ, ಗ್ರಾಹಕ) ಮಾದರಿ ಎಂದು ನೀವೆಲ್ಲ ಪರೀಕ್ಷೆಗೆ ಕೇಳುತ್ತೀರಲ್ಲ, ಅವರೇ. ಇಲಿನಾಯ್‌ನಲ್ಲಿ ಡಾಕ್ಟರೇಟ್, ಮಿಷಿಗನ್ ಸ್ಟೇಟ್‌ನಲ್ಲಿ ಹೊಸ ಸಂವಹನ ವಿಭಾಗದ ಮುಖ್ಯಸ್ಥ, 1960ರಲ್ಲಿ ಹೆಸರಾಂತ ಪುಸ್ತಕ. 1971ರಲ್ಲಿ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು, ಎರಡೇ ವರ್ಷದಲ್ಲಿ ಅಧ್ಯಕ್ಷರ ನಿವಾಸದ ಖರ್ಚಿನ ವಿವಾದದ ನಡುವೆ ಬಿಟ್ಟುಹೋದರು.

ಶ್ರಾಮ್‌ಗೂ ಪೆಟ್ಟು ಬಿದ್ದಿತ್ತು. ಬೆನ್ನಿಗಿದ್ದ ಸ್ಟಾಡರ್ಡ್ ಅವರ ಮೇಲೆ 1953ರ ಜುಲೈನಲ್ಲಿ ಆಡಳಿತ ಮಂಡಳಿ ಅವಿಶ್ವಾಸ ಸೂಚಿಸಿತು, ಅವರು ರಾಜೀನಾಮೆ ಕೊಟ್ಟರು. ಇನ್ನೆರಡು ವರ್ಷಕ್ಕೆ ಶ್ರಾಮ್ ಇಲಿನಾಯ್ ಬಿಟ್ಟರು. ಅವರು ಹೋದ ಮೇಲೂ ಸಂಸ್ಥೆ ನಿಂತಿತು. ಏಕೆಂದರೆ ಅಲ್ಲಿ ಅವರಿಲ್ಲದೆಯೂ ಕೆಲಸ ಬಲ್ಲ ಜನ ಇದ್ದರು. ಕಪ್ಪುಹಲಗೆ ಅವರು ಪ್ರಾಂಶುಪಾಲರನ್ನು ಕೇಳಬೇಕಾದದ್ದು ಇದೇ: ಖಾಯಂ ಹುದ್ದೆ ಎಷ್ಟು? ಎಲ್ಲರೂ ಅತಿಥಿ ಉಪನ್ಯಾಸಕರಾದರೆ, ಹಾಜರಾತಿಯಿಂದ ಆಂತರಿಕ ಅಂಕದವರೆಗೆ ಎಲ್ಲ ನೀವೇ. ಆಗ ಪುಸ್ತಕವನ್ನು ಮರೆತುಬಿಡಿ. ಬಾಯಿಮಾತು ಬೇಡ, ಬರಹದಲ್ಲಿ ಪಡೆಯಿರಿ.

ನಿಧಾನಿ:
ಇನ್ನೊಂದು ವಿಷಯ ಕೇಳಿ. 1959ರಲ್ಲಿ ಸಂಶೋಧಕ ಬರ್ನಾರ್ಡ್ ಬೆರೆಲ್ಸನ್ ಅವರು ಸಂವಹನ ಸಂಶೋಧನೆ ಬಾಡುತ್ತಿದೆ, ದೊಡ್ಡವರೆಲ್ಲ ಬಿಟ್ಟುಹೋದರು ಎಂದು ಬರೆದರು. ಇದು ಅನೇಕರು ಹಾದುಹೋಗುವ, ಕೆಲವರಷ್ಟೇ ತಂಗುವ ಕೂಡುರಸ್ತೆ ಎಂಬ ಅರ್ಥದ ಮಾತನ್ನು ಶ್ರಾಮ್ ಆಡಿದ್ದರು. ಲಾಜರ್ಸ್‌ಫೆಲ್ಡ್, ಲೆವಿನ್, ಲಾಸ್ವೆಲ್, ಹೊವ್ಲಂಡ್ ನಾಲ್ವರೂ ಬೇರೆ ಬೇರೆ ಶಾಸ್ತ್ರಗಳಿಂದ ಬಂದವರು. ಇವರೇ ಈ ಶಾಸ್ತ್ರದ ಮೂಲಪುರುಷರು ಎಂದು ಸಾರಿ ಹೇಳಿದವರು ಶ್ರಾಮ್. ತಮ್ಮ ಹೆಸರನ್ನು ಆ ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಆ ಕೂಡುರಸ್ತೆಯಲ್ಲಿ ತಂಗಿದ್ದು, ಬಂದವರಿಗೆ ಸೂರು ಕಟ್ಟಿದ್ದು ಅವರೇ. 1987ರ ಡಿಸೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ತೀರಿಕೊಂಡಾಗಲೂ ಈ ಶಾಸ್ತ್ರದ ಆರಂಭದ ಕಥೆಯನ್ನು ಬರೆಯುತ್ತಿದ್ದರು. ಶಿಷ್ಯ ಸ್ಟೀವನ್ ಚಾಫೀ ಮತ್ತು ಎವರೆಟ್ ರೋಜರ್ಸ್ ಸೇರಿ ಅದನ್ನು ಹತ್ತು ವರ್ಷದ ನಂತರ ಹೊರತಂದರು.

ಕಪ್ಪುಹಲಗೆ:
ಎಲ್ಲರಿಗೂ ಋಣಿ. ಇಂದು ತರಗತಿಯಲ್ಲಿ ಕೊಳಲಿನ ಕಥೆಯಿಂದ ಶುರು ಮಾಡಿದೆ. ಹೊಲದ ಬದು ಅವರ ಅಜ್ಜನ ಪ್ರಶ್ನೆಯನ್ನು ಹಲಗೆಯ ಮೇಲೆ, ಎರಡು ಮೊಟ್ಟೆಗಳ ಕೆಳಗೆ ಬರೆದೆ. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ನಾಳೆ ಹನ್ನೊಂದಕ್ಕೆ ಪ್ರಾಂಶುಪಾಲರ ಕೊಠಡಿಗೆ ಹೋಗುತ್ತಿದ್ದೇನೆ. ಒಪ್ಪುತ್ತೇನೆ, ಮೂರು ಷರತ್ತುಗಳ ಮೇಲೆ. ಇಬ್ಬರಾದರೂ ಖಾಯಂ ಅಧ್ಯಾಪಕರು ಬೇಕು. ವಿದ್ಯಾರ್ಥಿಗಳ ಪ್ರಯೋಗ ಪತ್ರಿಕೆ ತಿಂಗಳಿಗೆ ಎರಡು ಸಲ ಬರಬೇಕು, ಅಚ್ಚಾಗಿಯೇ. ಬುಧವಾರ ಮಧ್ಯಾಹ್ನ ನನಗೆ ಸಭೆ ಇರಕೂಡದು, ಅದು ಪುಸ್ತಕದ ಹೊತ್ತು. ಓದುಗರ ಪತ್ರಗಳನ್ನು ವಿಂಗಡಿಸುವ ಕೆಲಸಕ್ಕೆ ಐದನೇ ವರ್ಷ ಅವರು ಬರುವುದಾದರೆ ಇಬ್ಬರ ಹೆಸರಿನಲ್ಲೂ ಅಧ್ಯಾಯ ಪ್ರಕಟಿಸೋಣ.

ಐದನೇ ವರ್ಷ:
ಬರುತ್ತೇನೆ ಸರ್. ಎಷ್ಟು ಪತ್ರಗಳಿವೆ?

ಕಪ್ಪುಹಲಗೆ:
ಮೂರು ಟ್ರಂಕ್.

ಹಳೆಯ ಅಚ್ಚುಮೊಳೆ:
ಬೇಡ ಎಂದಿದ್ದೆ, ಈಗಲೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ. ಮೂರನೇ ಷರತ್ತನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮುಗಿದ ಅಧ್ಯಾಯಗಳನ್ನು ನನಗೆ ಕಳುಹಿಸಿ, ಕರಡು ತಿದ್ದಿಕೊಡುತ್ತೇನೆ. ಹಾಳೆಯ ಒಂದೇ ಬದಿಗೆ ಮುದ್ರಿಸಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ.